ಜನರ ಬಳಿಗೆ ನಡೆದ ಚಿತ್ರ

ಒಳ್ಳೆಯ ಚಲನಚಿತ್ರ ತಯಾರಾದರಷ್ಟೇ ಸಾಲದು. ಅದು ಪ್ರೇಕ್ಷಕರನ್ನು ತಲುಪಬೇಕು. ಹಂಚಿಕೆದಾರರಿಲ್ಲದೆ ಎಷ್ಟೋ ಚಿತ್ರಗಳು ಡಬ್ಬದಲ್ಲೇ ಉಳಿದಿವೆ. ಕೇರಳದ ಜಾನ್ ಅಬ್ರಹಾಂ ಹಾಗೂ ಒಡೆಸ್ಸಾ ಬಳಗದವರು ಊರೂರು ಅಲೆದು, ಜನರಿಂದಲೇ ಹಣ ಕೂಡಿಸಿ 1986ರಲ್ಲಿ ‘ಅಮ್ಮ ಅರಿಯಾನ್’ ಚಿತ್ರವನ್ನು ಹೊರತಂದರು. ಚಿತ್ರಮಂದಿರಗಳಿಗೆ ಕಾಯದೆ ಜನರ ನಡುವೆಯೇ ಪ್ರದರ್ಶಿಸಿದರು.

ಕಥೆಯೂ ಅಂಥದೇ ಯಾತ್ರೆ. ಸತ್ತ ಯುವಕನ ತಾಯಿಗೆ ಸುದ್ದಿ ಮುಟ್ಟಿಸಲು ಒಬ್ಬನು ಹೊರಡುತ್ತಾನೆ. ದಾರಿಯುದ್ದಕ್ಕೂ ಗೆಳೆಯರು ಜೊತೆಗೂಡುತ್ತಾರೆ. ನಡೆ ನಿಧಾನ; ಅದರ ರಾಜಕೀಯವನ್ನೆಲ್ಲ ನಾವು ಒಪ್ಪಬೇಕಿಲ್ಲ. ಆದರೂ ಆ ಗುಂಪು ತಾಯಿಯೆದುರು ಬಂದು ನಿಂತಾಗ, ಶಿಲುಬೆಯ ಬುಡದಲ್ಲಿ ನಿಂತ ಮಾತೆ ಮರಿಯಮ್ಮನವರು ನೆನಪಾಗುತ್ತಾರೆ. ದುಃಖವನ್ನು ಒಬ್ಬರೇ ಹೊರಬಾರದೆಂಬುದೇ ಚಿತ್ರದ ಸಾರ.

ನಮ್ಮ ಧರ್ಮಕೇಂದ್ರಗಳ ಸಭಾಭವನಗಳು ತಿಂಗಳಿಗೊಂದು ಸಂಜೆ ಇಂಥ ಚಿತ್ರಗಳಿಗೆ ಬಾಗಿಲು ತೆರೆಯಬಾರದೇ? ಬಿತ್ತುವವರು ಬಿತ್ತಿದ್ದಾರೆ, ಹದವಾದ ನೆಲವಾಗಬೇಕಾದವರು ನಾವು.