ಕಡಗ ತೊಟ್ಟ ಕೈ ಯಾರದು?

ಇಟಲಿಯ ಪಾಂಪೇ ಊರು ಕ್ರಿ.ಶ. 79ರಲ್ಲಿ ವೆಸೂವಿಯಸ್ ಉಗುಳಿದ ಬೂದಿಯಲ್ಲಿ ಹೂತುಹೋಯಿತು. ಅಲ್ಲಿನ ಒಂದು ಮನೆಯಲ್ಲಿ ಬಂಗಾರದ ಕಡಗ ತೊಟ್ಟ ದೇಹವೊಂದು ಸಿಕ್ಕಿತು. ಮಡಿಲಲ್ಲಿ ಒಂದು ಕೂಸು. ತಾಯಿ-ಮಗುವೆಂದೇ ಎಲ್ಲರೂ ಬರೆದರು. ಎಲುಬಿನ ಡಿಎನ್‌ಎ ಪರೀಕ್ಷೆಯ ಫಲ 2024ರಲ್ಲಿ ಹೊರಬಿತ್ತು. ಕಡಗ ತೊಟ್ಟಾತ ಗಂಡಸು. ಕೂಸಿಗೂ ಅವನಿಗೂ ರಕ್ತಸಂಬಂಧವೇ ಇಲ್ಲ.

ಪಂಡಿತರು ಹಾಗೆ ಬರೆದದ್ದು ನನಗೆ ಸೋಜಿಗವಲ್ಲ. ಬಂಗಾರ ಕಂಡರೆ ಹೆಣ್ಣು, ಕತ್ತಿ ಕಂಡರೆ ಗಂಡು ಎಂಬುದು ಹಳೆಯ ರೂಢಿ. ಸ್ವೀಡನ್ನಿನ ಬಿರ್ಕಾದಲ್ಲಿ 1878ರಲ್ಲಿ ಅಗೆದ ಗೋರಿಯಲ್ಲಿ ಕತ್ತಿ, ಕೊಡಲಿ, ಎರಡು ಕುದುರೆಗಳಿದ್ದವು. ಆ ವೀರ ಹೆಣ್ಣೆಂದು 2017ರಲ್ಲಿ ಡಿಎನ್‌ಎ ಹೇಳಿದ ಮೇಲೆ, ಆಯುಧಗಳು ನಿಜಕ್ಕೂ ಅವಳವೇ ಎಂದು ಕೆಲವರು ಕೇಳತೊಡಗಿದರು! ಗಂಡೆಂದು ನಂಬಿದ್ದಾಗ ಈ ಅನುಮಾನ ಎಲ್ಲಿತ್ತೋ.

ನನ್ನ ತಕರಾರು ಬೇರೆ. 'ರಕ್ತಸಂಬಂಧವಿಲ್ಲ' ಎಂದೊಡನೆ ಪಾಂಪೇಯ ಆ ಇಬ್ಬರ ಕತೆಯನ್ನು ಮುಗಿಸಿಬಿಡುತ್ತಾರೆ. ಬೂದಿ ಸುರಿಯುವಾಗ ಯಾರದೋ ಕೂಸನ್ನು ಆತ ಮಡಿಲಿಗೆ ಎಳೆದುಕೊಂಡದ್ದೇಕೆ? ನಮ್ಮ ಯಾವಗಲ್ಲಿನಲ್ಲಿ ಲಿಂಗಾಯತರು ಸತ್ತವರನ್ನು ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಹೆಣ್ಣಿಗೂ ಗಂಡಿಗೂ ಅದೇ ಕ್ರಮ. ಮುಂದೊಂದು ಕಾಲಕ್ಕೆ ಅಗೆದವರಿಗೆ ಯಾರು ಹೆಣ್ಣು, ಯಾರು ಗಂಡೆಂದು ಡಿಎನ್‌ಎ ಹೇಳೀತು. ಆದರೆ ಅವ್ವನ ಪಕ್ಕದಲ್ಲಿ ಮಣ್ಣಾದ ದತ್ತುಮಗನನ್ನು ಅದು ಪರಕೀಯನ ಪಟ್ಟಿಗೇ ಸೇರಿಸುತ್ತದೆ.

ಹರಿಯಾಣದ ರಾಖಿಗಢಿಯದು ಇನ್ನೊಂದು ಬಗೆ. ಬಿಸಿಲ ನಾಡಿನಲ್ಲಿ ಎಲುಬಿನ ಡಿಎನ್‌ಎ ಬೇಗ ಹಾಳಾಗುತ್ತದೆ. ಅರವತ್ತೊಂದು ಮಾದರಿಗಳನ್ನು ಪರೀಕ್ಷಿಸಿದರೂ ಉಪಯೋಗಕ್ಕೆ ಬಂದದ್ದು ಒಬ್ಬ ಹೆಂಗಸಿನದು ಮಾತ್ರ. 2019ರಲ್ಲಿ ಅದು ಪ್ರಕಟವಾಯಿತು. ಅವಳಲ್ಲಿ ಹುಲ್ಲುಗಾವಲಿನ ಪಶುಪಾಲಕರ ಅಂಶವಿರಲಿಲ್ಲ. ಅಷ್ಟು ಸಾಕಾಯಿತು, ಆರ್ಯರು ಬಂದರೋ ಬರಲಿಲ್ಲವೋ ಎಂಬ ಜಗಳಕ್ಕೆ ಎರಡೂ ಕಡೆಯವರು ಅವಳನ್ನು ಸಾಕ್ಷಿಗೆ ಎಳೆದರು. ಮಡಕೆಗಳನ್ನಿಟ್ಟು ಅವಳನ್ನು ಕಳಿಸಿಕೊಟ್ಟವರು ಯಾರು, ಮಕ್ಕಳಿದ್ದರೇ ಎಂಬ ಮಾತು ಆ ಗದ್ದಲದಲ್ಲಿ ನನ್ನ ಕಿವಿಗೆ ಬೀಳಲಿಲ್ಲ.

ನಮಗೆ ಹತ್ತಿರದ್ದು ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆ. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅಲ್ಲಿ ಅಗೆಸಿದಾಗ ನವಶಿಲಾಯುಗದ ಜನರ ವಸತಿಯ ನಡುವೆಯೇ ಸಮಾಧಿಗಳು ಸಿಕ್ಕವು. ಎಳೆಯ ಕೂಸುಗಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದ ಕಾಲವದು. ದೂರದ ಅಡವಿಗೆ ಒಯ್ಯದೆ, ತಾವು ತಿರುಗಾಡುವ ನೆಲದಲ್ಲೇ ಇಟ್ಟುಕೊಂಡರು. ಎಳೆಗೂಸಿನ ಎಲುಬು ನೋಡಿ ಹೆಣ್ಣೋ ಗಂಡೋ ಖಚಿತವಾಗಿ ಹೇಳಲಾಗದು; ಡಿಎನ್‌ಎ ಉಳಿದಿದ್ದರೆ ಮಾತ್ರ ಹೇಳಬಹುದು. ನಮ್ಮ ಬಿಸಿಲು ಅಷ್ಟನ್ನು ಉಳಿಸಿದ್ದರೆ ನನಗೆ ಮೊದಲು ಬೇಕಾದ ಸುದ್ದಿ ಅದು. ಆಮೇಲೆ, ಪಕ್ಕದ ಕುಣಿಯಲ್ಲಿರುವವಳು ಅದರ ತಾಯಿಯೇ ಎಂಬುದು. ಅವರು ಎಲ್ಲಿಂದ ಬಂದವರೆಂಬ ಲೆಕ್ಕ ಸ್ವಲ್ಪ ತಡವಾದರೂ ನಡೆದೀತು.