ಆಯ್ದು ಮುದ್ದಿಸಿದ ಹೆಸರು

ಅಶಾಕೆ. ನೈಜೀರಿಯಾದ ನೈಋತ್ಯ ಭಾಗದ ಯೊರುಬಾ ಜನರ ಈ ಹೆಣ್ಣುಹೆಸರನ್ನು ಬಿಡಿಸಿ ನೋಡಿದಷ್ಟೂ ನನಗೆ ಅದರ ಮೇಲೆ ಅಕ್ಕರೆ ಹೆಚ್ಚುತ್ತದೆ. ‘ಶಾ’ ಎಂದರೆ ಆರಿಸಿ ಎತ್ತಿಕೊಳ್ಳುವುದು, ‘ಕೆ’ ಎಂದರೆ ಮುದ್ದಿನಿಂದ ಸಾಕುವುದು. ಮೊದಲಿನ ‘ಅ’ ಎರಡನ್ನೂ ಸೇರಿಸಿ ಹೆಸರಾಗಿಸುತ್ತದೆ: ಮುದ್ದು ಮಾಡಲೆಂದೇ ಆಯ್ಕೆಯಾದವಳು. ಮೊದಲೆರಡು ಅಕ್ಷರ ತಗ್ಗಿದ ದನಿಯಲ್ಲಿ, ಕೊನೆಯದು ಏರಿದ ದನಿಯಲ್ಲಿ. ಈ ಭಾಷೆಯಲ್ಲಿ ದನಿಯ ಏರಿಳಿತ ತಪ್ಪಿದರೆ ಅರ್ಥವೇ ತಪ್ಪುತ್ತದೆ. ಹಾಗಾಗಿ ಕರೆಯುವವರು ಈ ಹೆಸರನ್ನು ಹಾಡಿದಂತೆಯೇ ಹೇಳಬೇಕು.

ಇದು ‘ಒರಿಕಿ’, ಅಂದರೆ ಹೊಗಳಿ ಕರೆಯುವ ಹೆಸರು. ಮಗುವಿಗೆ ಬೇರೆ ಹೆಸರುಗಳೂ ಇರುತ್ತವೆ. ಅತ್ತಾಗ ಸಂತೈಸಲು, ಒಳ್ಳೆಯದು ಮಾಡಿದಾಗ ಬೆನ್ನು ತಟ್ಟಲು ಹಿರಿಯರ ಬಾಯಿಗೆ ಬರುವುದು ಒರಿಕಿ. 1921ರಲ್ಲಿ ಪ್ರಕಟವಾದ ಯೊರುಬಾ ಇತಿಹಾಸದಲ್ಲಿ ಸ್ಯಾಮುಯೆಲ್ ಜಾನ್ಸನ್ ಬರೆದಂತೆ, ಗಂಡುಮಕ್ಕಳ ಒರಿಕಿಯಲ್ಲಿ ಶೌರ್ಯವಿದ್ದರೆ ಹೆಣ್ಣುಮಕ್ಕಳದರಲ್ಲಿ ಮುದ್ದು, ಮೆಚ್ಚುಗೆ. ಅಶಾಕೆಯ ಅಕ್ಕತಂಗಿಯರನ್ನು ನೋಡಿ: ಜನ ಬೇಡಿಕೊಂಡು ಮುದ್ದಿಸುವಂಥವಳು ಅಬೆಕೆ, ಎಲ್ಲರೂ ಕೂಡಿ ಮುದ್ದಿಸುವಂಥವಳು ಅಜೊಕೆ, ನಾನು ತಾನು ಎಂದು ಜನ ಪೈಪೋಟಿಯಿಂದ ಮುದ್ದಿಸುವಂಥವಳು ಅದುಕೆ. ಒಂದೇ ‘ಕೆ’ಯಿಂದ ಅಕ್ಕರೆಯ ಎಷ್ಟು ಬಗೆ!

ಇಂಥ ಹೆಸರುಗಳು ಈಗ ಅಜ್ಜಿ, ತಾಯಂದಿರಲ್ಲೇ ಹೆಚ್ಚು, ಎಳೆಯರಲ್ಲಿ ವಿರಳ. ಆದರೆ ಅಹ್ಮದ್ ಒಲೊಲಾಡೆ ಎಂಬ ಗಾಯಕ ತಾಯಿಯ ಹೆಸರಾದ ಅಶಾಕೆಯನ್ನೇ ವೇದಿಕೆಯ ಹೆಸರಾಗಿಸಿಕೊಂಡ. 2022ರಲ್ಲಿ ಅವನ ಮೊದಲ ಆಲ್ಬಮ್ ಬಂತು. ಯೊರುಬಾ ಬಾರದವರೂ ಈಗ ಸಭಾಂಗಣ ತುಂಬಿ ಒಬ್ಬ ತಾಯಿಯ ಮುದ್ದಿನ ಹೆಸರನ್ನು ಕೂಗುತ್ತಾರೆ.