ಹೆಣ ಇನ್ನೂ ಎತ್ತಿಲ್ಲ

ನಮ್ಮ ವಯಸ್ಸಿನವರು, ಅಂದ್ರೆ ಹಗಲು ಲ್ಯಾಪ್‌ಟಾಪ್ ಮುಂದೆ ಕೂತು ರಾತ್ರಿ ಕತೆ ಬರೆಯುವವರು, ಬರೆದದ್ದನ್ನು ಓದುವಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಮೊದಲ ಪುಟದಲ್ಲೇ ಏನೋ ದೊಡ್ಡದು ಆಗಿಬಿಡುತ್ತದೆ. ರಿಂಗ್ ರೋಡಲ್ಲಿ ಆಕ್ಸಿಡೆಂಟು, ಬೆಳಿಗ್ಗೆ ಹತ್ತಕ್ಕೆ ಎಚ್‌ಆರ್ ಕರೆ, ರಾತ್ರಿ ಎರಡಕ್ಕೆ ಊರಿಂದ ಫೋನು. ಮೂರನೇ ಪುಟದ ಹೊತ್ತಿಗೆ ನಾಯಕ ಬಾಲ್ಕನಿಯಲ್ಲಿ ಕಾಫಿ ಹಿಡ್ಕೊಂಡು ಬಾಲ್ಯ ನೆನೆಸಿಕೊಳ್ತಾ ನಿಂತಿರ್ತಾನೆ. ಘಟನೆ ದೊಡ್ಡದೇ, ಆದರೆ ಅದು ಅವನಿಂದ ಏನನ್ನೂ ಕೇಳುವುದಿಲ್ಲ. ಕೆಲಸ ಹೋದವನ ಜಾಗದಲ್ಲಿ ಕಾಲು ಮುರಿದವನನ್ನು ಕೂರಿಸಿ ನೋಡಿ, ಬಾಲ್ಕನಿ ಅಲ್ಲೇ ಇರುತ್ತದೆ, ಕಾಫಿಯೂ ಅಷ್ಟೇ ಬಿಸಿ.

ಪಾತ್ರವನ್ನು ಕತೆಯೊಳಗೆ ತಳ್ಳುವ ಸಂದರ್ಭ ಹೇಗಿರಬೇಕು ಅನ್ನೋದಕ್ಕೆ ನನಗೆ ಮತ್ತೆ ಮತ್ತೆ ನೆನಪಾಗುವುದು 1965ರ 'ಸಂಸ್ಕಾರ'. ಅನಂತಮೂರ್ತಿಯವರ ಈ ಕಾದಂಬರಿ ಬಗ್ಗೆ ಧರ್ಮ, ಜಾತಿ, ಆಧುನಿಕತೆ ಅಂತ ಬೇಕಾದಷ್ಟು ಚರ್ಚೆ ಆಗಿದೆ. ನನ್ನ ಗಮನ ಹೋಗೋದು ಅದಕ್ಕಿಂತ ಚಿಕ್ಕ ವಿಷಯಕ್ಕೆ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ, ಹೆಣ ಎತ್ತುವವರೆಗೆ ಯಾರೂ ಉಣ್ಣುವಂತಿಲ್ಲ. ಪ್ರಾಣೇಶಾಚಾರ್ಯರು ಓಡಿಹೋಗಿ ಹೇಳುವುದು ಮೊದಲು ಅದನ್ನೇ, ಊಟ ನಿಲ್ಲಿಸಿ ಅಂತ. ನಮ್ಮೂರಲ್ಲೂ ಬೀದಿಯಲ್ಲಿ ಸಾವಾದರೆ ಹೆಣ ಎತ್ತೋವರೆಗೂ ಅಕ್ಕಪಕ್ಕದ ಮನೆಗಳಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಚಿಕ್ಕವರಾದ ನಮಗೆ ದುಃಖಕ್ಕಿಂತ ಮೊದಲು ಗೊತ್ತಾಗುತ್ತಿದ್ದದ್ದು ಹಸಿವು. ಹಾಗಾಗಿ ಈ ಕಾದಂಬರಿ ನನಗೆ ಮೊದಲು ಹೊಟ್ಟೆಯಿಂದ ಅರ್ಥವಾಯಿತು. ಧರ್ಮಸೂಕ್ಷ್ಮ ಆಮೇಲೆ.

ಹಸಿವಿನ ಜೊತೆ ಬಿಸಿಲೂ ಇದೆ, ಹೆಣ ಕಾಯುವುದಿಲ್ಲ. ಅಂದ್ರೆ ಡೆಡ್‌ಲೈನ್ ಹೊರಗಿನಿಂದ ಹೇರಿದ್ದಲ್ಲ, ಪರಿಸ್ಥಿತಿಯ ಒಳಗೇ ಇದೆ. ಇನ್ನು ತಪ್ಪಿಸಿಕೊಳ್ಳುವ ದಾರಿಗಳನ್ನು ಲೇಖಕರು ಹೇಗೆ ಮುಚ್ಚುತ್ತಾರೆ ನೋಡಿ. ಅವನು ಬ್ರಾಹ್ಮಣನೇ ಅಲ್ಲ ಅನ್ನೋಣ ಅಂದ್ರೆ, ಮೀನು ಮಾಂಸ ತಿಂದರೂ, ಚಂದ್ರಿಯನ್ನು ಮನೆಯಲ್ಲೇ ಇಟ್ಟುಕೊಂಡರೂ ಯಾರೂ ಅವನಿಗೆ ಬಹಿಷ್ಕಾರ ಹಾಕಿಲ್ಲ. ಹಾಕಿದರೆ ಮುಸ್ಲಿಮನಾಗಿ ಅಗ್ರಹಾರದಲ್ಲೇ ಇರ್ತೀನಿ ಅಂತ ಹೆದರಿಸಿದ್ದ. ಸಂಬಂಧಿಕರು ಮಾಡಲಿ ಅಂದ್ರೆ, ಗರುಡಾಚಾರ್ಯ ಲಕ್ಷ್ಮಣಾಚಾರ್ಯನ ಕಡೆ ಕೈ ತೋರಿಸುತ್ತಾನೆ, ಲಕ್ಷ್ಮಣಾಚಾರ್ಯ ಗರುಡಾಚಾರ್ಯನ ಕಡೆ. ಆಫೀಸಲ್ಲಿ ಟಿಕೆಟ್ ಒಂದು ಟೀಮಿಂದ ಇನ್ನೊಂದು ಟೀಮಿಗೆ ಓಡಾಡುವುದನ್ನು ಕಂಡವರಿಗೆ ಈ ದೃಶ್ಯ ಹೊಸದೇನಲ್ಲ. ಅಷ್ಟರಲ್ಲಿ ಚಂದ್ರಿ ತನ್ನ ಚಿನ್ನವನ್ನೆಲ್ಲ ಬಿಚ್ಚಿ ಮುಂದಿಡುತ್ತಾಳೆ, ಖರ್ಚಿಗೆ ಆಗಲಿ ಅಂತ. ಅಲ್ಲಿಯವರೆಗೆ ಬೇಡ ಅಂದವರಿಗೆ ಈಗ ಬೇಕು. ಬರೀ ಒಂದು ಒಡವೆ ಗಂಟಿನಿಂದ ಇಡೀ ಅಗ್ರಹಾರದ ಒಳಮನಸ್ಸು ಹೊರಗೆ ಬರುತ್ತದೆ, ಯಾರ ಸ್ವಭಾವವನ್ನೂ ವರ್ಣಿಸುವ ಕೆಲಸವೇ ಉಳಿಯುವುದಿಲ್ಲ.

ಆದರೂ ಈ ಹೆಣ ಪ್ರಾಣೇಶಾಚಾರ್ಯರ ಅಳತೆಗೆ ಹೊಲಿದದ್ದು. ಬೇರೆ ಯಾರಿಗಾದರೂ ಇದು ತೊಂದರೆ, ಅವರಿಗೆ ಪರೀಕ್ಷೆ. ಅವರ ಬದುಕು ನಿಂತಿರುವುದೇ ತನಗೆ ಶಾಸ್ತ್ರ ಗೊತ್ತು ಅನ್ನುವುದರ ಮೇಲೆ. ಗ್ರಂಥಗಳಲ್ಲಿ ಉತ್ತರ ಸಿಗುವುದಿಲ್ಲ, ಮಾರುತಿಯೂ ಬಾಯಿ ಬಿಡುವುದಿಲ್ಲ. ಆಮೇಲೆ ಕಾಡು, ಕತ್ತಲೆ, ಚಂದ್ರಿ.

ನನಗೆ ಅತಿ ಇಷ್ಟದ ಭಾಗ ಇದರ ನಂತರದ್ದು. ಅದೇ ರಾತ್ರಿ ಚಂದ್ರಿ ಬ್ಯಾರಿ ವ್ಯಾಪಾರಿಯೊಬ್ಬನ ನೆರವಿನಿಂದ ಹೆಣವನ್ನು ಗುಟ್ಟಾಗಿ ಸುಡಿಸಿಬಿಡುತ್ತಾಳೆ. ಕತೆ ಶುರು ಮಾಡಿದ ಸಮಸ್ಯೆ ಅಲ್ಲಿಗೆ ಮುಗಿಯಿತು! ಬ್ರಾಹ್ಮಣರಿಗೆ ಗೊತ್ತಿಲ್ಲ, ಅವರು ಇನ್ನೂ ಉತ್ತರ ಹುಡುಕುತ್ತಾ ಅಲೆಯುತ್ತಿದ್ದಾರೆ. ಓದುಗರಿಗೆ ಗೊತ್ತು. ಆದರೂ ಪುಸ್ತಕ ಮುಚ್ಚುವುದಕ್ಕೆ ಆಗುವುದಿಲ್ಲ, ಯಾಕಂದ್ರೆ ಪ್ರಶ್ನೆ ಅಷ್ಟರೊಳಗೆ ಹೆಣದಿಂದ ಆಚಾರ್ಯರಿಗೆ ದಾಟಿಯಾಗಿದೆ. ಕೊನೆಯ ಭಾಗದಲ್ಲಿ, ಪುಟ್ಟನ ಜೊತೆ ಜಾತ್ರೆ ಸುತ್ತುವಾಗ, ಬಿಗಿ ಸ್ವಲ್ಪ ಸಡಿಲಾಗುತ್ತದೆ ಅಂತ ನನಗೆ ಅನ್ಸತ್ತೆ. ಯೋಚನೆ ಹೆಚ್ಚು, ಒತ್ತಡ ಕಡಿಮೆ. ಒಪ್ಪದವರು ಬಹಳ ಜನ ಇದ್ದಾರೆ, ಇರಲಿ.

ಈಗ ಅದೇ ಸಾವನ್ನು ಮಂಡ್ಯದ ಹಳ್ಳಿಗೆ ತನ್ನಿ. ರಾಮ್ ರೆಡ್ಡಿ ನಿರ್ದೇಶನದ 'ತಿಥಿ' ಸಿನಿಮಾದಲ್ಲಿ 101 ವರ್ಷದ ಸೆಂಚುರಿ ಗೌಡ ಶುರುವಿನಲ್ಲೇ ಸಾಯುತ್ತಾನೆ. ಹನ್ನೊಂದನೇ ದಿನ ತಿಥಿ, ಊರಿಗೆಲ್ಲ ಊಟ. ಇಲ್ಲೂ ದಿನ ಎಣಿಸಲಾಗಿದೆ. ಆದರೆ ಮಗ ಗಡ್ಡಪ್ಪನಿಗೆ ಅಪ್ಪ ಸತ್ತದ್ದೂ ಒಂದೇ, ಬಿಟ್ಟದ್ದೂ ಒಂದೇ. ಬಾಟಲಿ ಜೇಬಲ್ಲಿಟ್ಟುಕೊಂಡು ಹೊಲದ ಬದುವಿನಲ್ಲಿ ನಡೆಯುತ್ತಾನೆ. ಒದ್ದಾಡುವವನು ಮೊಮ್ಮಗ ತಮ್ಮಣ್ಣ, ಐದು ಎಕರೆ ಜಮೀನಿಗಾಗಿ. ಬದುಕಿರುವ ಅಪ್ಪನನ್ನೇ ಕಾಗದದಲ್ಲಿ ಸಾಯಿಸುವ ಮಟ್ಟಿಗೆ ಹೋಗ್ತಾನೆ. ಅಗ್ರಹಾರದಲ್ಲಿ ಸಾವು ಕೇಳಿದ್ದು 'ನೀನು ಯಾರು' ಅಂತ, ಇಲ್ಲಿ ಕೇಳುವುದು 'ಖಾತೆ ಯಾರ ಹೆಸರಲ್ಲಿದೆ' ಅಂತ. ಅದಕ್ಕೇ ಒಂದು ಉಸಿರು ಕಟ್ಟಿಸುತ್ತದೆ, ಇನ್ನೊಂದು ನಗಿಸುತ್ತದೆ.

ಸಾವೇ ಬೇಕು ಅಂತಲ್ಲ. ವಿವೇಕ ಶಾನಭಾಗರ 'ಘಾಚರ್ ಘೋಚರ್'ನಲ್ಲಿ ಹೆಂಗಸೊಬ್ಬಳು ಅಡುಗೆ ಮಾಡಿಕೊಂಡು ಚಿಕ್ಕಪ್ಪನನ್ನು ಹುಡುಕಿ ಬಾಗಿಲಿಗೆ ಬರುತ್ತಾಳೆ, ಅಷ್ಟೇ. ಅದು ಮೊದಲ ಪುಟದಲ್ಲೂ ಇಲ್ಲ. ಆ ಮನೆ ನಡೆಯುವುದು ಚಿಕ್ಕಪ್ಪನ ದುಡ್ಡಿನಲ್ಲಿ. ಮನೆಯ ಹೆಂಗಸರು ಬಂದವಳನ್ನು ಬೈದು ಅಟ್ಟುತ್ತಾರೆ, ಸೊಸೆ ಅನಿತಾಳಿಗೆ ಮಾತ್ರ ಅದನ್ನು ಸಹಿಸಲಾಗುವುದಿಲ್ಲ. ಅವಳ ಗಂಡ ನೋಡುತ್ತಾ ನಿಂತಿದ್ದಾನೆ. ಚಿಕ್ಕಪ್ಪ ಹೊರಗೆ ಬರುವುದೇ ಇಲ್ಲ.